ಜಠರಕ್ಕೆ ಸೆರೋಸಾ, ಅನ್ನನಾಳಕ್ಕೆ ಅಡ್ವೆಂಟಿಷಿಯಾ: ಹೊರಪದರಕ್ಕೆ ಎರಡು ಹೆಸರೇಕೆ?

ಪ್ರಶ್ನೆ: ನಾನು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಜಠರದ ಹೊರಪದರವನ್ನು ಸೆರೋಸಾ ಎಂದೂ ಅನ್ನನಾಳದ ಹೊರಪದರವನ್ನು ಅಡ್ವೆಂಟಿಷಿಯಾ ಎಂದೂ ಪಾಠದಲ್ಲಿ ಹೇಳಿದರು. ಅಪಧಮನಿಯ ಹೊರಪದರಕ್ಕೆ ಒಂದು ಪುಸ್ತಕದಲ್ಲಿ ಟ್ಯೂನಿಕಾ ಎಕ್ಸ್‌ಟರ್ನಾ ಎಂದಿದೆ, ಇನ್ನೊಂದರಲ್ಲಿ ಟ್ಯೂನಿಕಾ ಅಡ್ವೆಂಟಿಷಿಯಾ ಎಂದಿದೆ. ನಾನು ನೋಟ್ಸಿನಲ್ಲಿ ಎಲ್ಲಕ್ಕೂ ‘ಹೊರಪೊರೆ’ ಎಂದೇ ಬರೆದುಕೊಂಡಿದ್ದೇನೆ. ಇದು ಸರಿಯೇ? ಈಚೆಗೆ ನಮ್ಮ ಸೋದರಮಾವನವರ ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೆ ಬಂದ ವರದಿಯಲ್ಲಿ ಸೆರೋಸಾ, ಅಡ್ವೆಂಟಿಷಿಯಾ ಎರಡೂ ಪದಗಳಿದ್ದವು. ಒಂದೇ ಅಂಗಕ್ಕೆ ಎರಡು ಹೊರಪದರಗಳಿರುವುದು ಹೇಗೆ?

ಉತ್ತರ: ಎರಡೂ ಒಂದೇ ಅಲ್ಲ. ನೀವು ಬರೆದುಕೊಂಡ ‘ಹೊರಪೊರೆ’ ಎಂಬ ಮಾತು ಆ ಪದರ ಎಲ್ಲಿದೆ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ, ಆದರೆ ಅದು ಯಾವ ಬಗೆಯದು ಎಂಬುದನ್ನು ಹೇಳುವುದಿಲ್ಲ. ಸೆರೋಸಾ ಎಂದರೆ ಅಂಗವೊಂದು ಪಕ್ಕದ ಅಂಗಗಳ ಮೇಲೆ ತಡೆಯಿಲ್ಲದೆ ಜಾರುವುದಕ್ಕೆ ಅನುವಾಗುವ ನುಣುಪಾದ, ತೇವವುಳ್ಳ ಮೇಲ್ಮೈ. ಅಡ್ವೆಂಟಿಷಿಯಾ ಎಂದರೆ ಅಂಗವನ್ನು ಅದರ ನೆರೆಹೊರೆಗೆ ಅಂಟಿಸಿ ಹಿಡಿದಿರುವ ಸಂಯೋಜಕ ಅಂಗಾಂಶದ ಹೊದಿಕೆ. ಒಂದು ಬಿಡಿಸುತ್ತದೆ, ಇನ್ನೊಂದು ಬೆಸೆಯುತ್ತದೆ. ಎರಡೂ ಹೊರಗಿನವೇ ಆದರೂ ಮಾಡುವ ಕೆಲಸ ತದ್ವಿರುದ್ಧವಾದುದರಿಂದ ಹೆಸರುಗಳು ಬೇರೆಯಾಗಿವೆ.

ಅಡ್ವೆಂಟಿಷಿಯಾ ಎಂಬ ಪದದಿಂದಲೇ ಹೊರಡೋಣ, ಏಕೆಂದರೆ ಅದರ ಮೂಲಾರ್ಥ ತಿಳಿದರೆ ಅರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಅಡ್’ ಎಂದರೆ ಕಡೆಗೆ, ‘ವೆನೀರೆ’ ಎಂದರೆ ಬರುವುದು. ಇವೆರಡರಿಂದ ಹುಟ್ಟಿದ ‘ಅಡ್ವೆಂಟೀಸಿಯುಸ್’ ಎಂಬ ವಿಶೇಷಣಕ್ಕೆ ಹೊರಗಿನಿಂದ ಬಂದದ್ದು, ಪರಸ್ಥಳದ್ದು, ಮೂಲದಲ್ಲಿ ಇಲ್ಲದೆ ಆಮೇಲೆ ಸೇರಿಕೊಂಡದ್ದು ಎಂಬ ಅರ್ಥಗಳಿವೆ. ಇದಕ್ಕೆ ನಮ್ಮಲ್ಲಿ ಹೊಸ ಪದ ಕಟ್ಟಬೇಕಾದ ಅಗತ್ಯವೇ ಇಲ್ಲ. ‘ಆಗಂತುಕ’ ಎಂಬ ಪದದ ರಚನೆಯೂ ಹಾಗೆಯೇ ಇದೆ: ‘ಆ’ ಎಂಬ ಉಪಸರ್ಗ, ‘ಗಮ್’ ಎಂಬ ಧಾತು, ಬಂದು ಸೇರಿದವನು ಎಂಬ ಅರ್ಥ. ಆಯುರ್ವೇದದಲ್ಲಿ ದೇಹದೊಳಗಿನ ದೋಷಗಳಿಂದಲೇ ಹುಟ್ಟುವ ರೋಗಗಳನ್ನು ‘ನಿಜ’ ಎಂದೂ, ಪೆಟ್ಟು, ವಿಷ ಮೊದಲಾದ ಹೊರಗಿನ ಕಾರಣಗಳಿಂದ ಬರುವ ರೋಗಗಳನ್ನು ‘ಆಗಂತು’ ಎಂದೂ ವಿಂಗಡಿಸುವುದನ್ನು ನೀವು ಕೇಳಿರಬಹುದು. ಅಡ್ವೆಂಟಿಷಿಯಾ ಎಂಬ ಹೆಸರು ಆ ‘ಆಗಂತು’ವಿನ ಜಾತಿಯದು.

ಇದೇ ಪದದ ಒಡಹುಟ್ಟುಗಳನ್ನು ನೀವು ಬೇರೆ ಪಾಠಗಳಲ್ಲಿ ಈಗಾಗಲೇ ಕಂಡಿದ್ದೀರಿ. ಕಾಂಡದಿಂದ ಹೊರಡುವ ಬೇರುಗಳನ್ನು, ಅಂದರೆ ಆಲದ ಬಿಳಲುಗಳನ್ನು ಅಥವಾ ಸವಣೂರಿನ ಎಲೆತೋಟಗಳಲ್ಲಿ ವೀಳ್ಯದ ಬಳ್ಳಿ ಗೆಣ್ಣುಗೆಣ್ಣಿಗೂ ಬಿಟ್ಟು ಆಸರೆಯ ಮರಕ್ಕೆ ಕಚ್ಚಿಕೊಳ್ಳುವ ಬೇರುಗಳನ್ನು, ಸಸ್ಯಶಾಸ್ತ್ರ ಅಡ್ವೆಂಟಿಷಸ್ ಎಂದು ಕರೆಯುತ್ತದೆ. ಬೇರು ಹುಟ್ಟಬೇಕಾದ ಜಾಗದಲ್ಲಿ ಹುಟ್ಟದೆ ಬೇರೆಡೆಯಿಂದ ಬಂದದ್ದು ಎಂಬ ಕಾರಣಕ್ಕೆ. ಸ್ಟೆತೋಸ್ಕೋಪ್ ಇಟ್ಟು ಎದೆಯನ್ನು ಕೇಳುವಾಗ ಸಹಜ ಉಸಿರಿನ ಸದ್ದಿನ ಮೇಲೆ ಹೆಚ್ಚುವರಿಯಾಗಿ ಬಂದು ಸೇರುವ ಸುಂಯ್‌ಗುಟ್ಟುವ ಅಥವಾ ಚಿಟಿಗುಟ್ಟುವ ಸದ್ದುಗಳಿಗೂ ಅದೇ ವಿಶೇಷಣ. ‘ಟ್ಯೂನಿಕಾ’ ಎಂಬುದು ಮಾತ್ರ ಬಟ್ಟೆಯ ಲೋಕದಿಂದ ಬಂದದ್ದು. ಪ್ರಾಚೀನ ರೋಮನ್ನರು ಮೈಮೇಲೆ ತೊಡುತ್ತಿದ್ದ ಅಂಗಿಯ ಹೆಸರು ಅದು. ಹೀಗಾಗಿ ಟ್ಯೂನಿಕಾ ಅಡ್ವೆಂಟಿಷಿಯಾ ಎಂದರೆ ಅಕ್ಷರಶಃ ‘ಹೊರಗಿನಿಂದ ಬಂದ ಅಂಗಿ’.

ಅಂಗದ ಮೇಲೆಯೇ ಇರುವ ಪದರವನ್ನು ಹೊರಗಿನವನೆಂದು ಕರೆದದ್ದೇಕೆ? ಇದಕ್ಕೆ ಉತ್ತರ ಪುಸ್ತಕಕ್ಕಿಂತ ಶವಚ್ಛೇದನದ ಮೇಜಿನ ಮೇಲೆ ಬೇಗ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಪ್ರತಿ ಹೊಸ ತಂಡದಲ್ಲಿಯೂ ಒಂದು ದೃಶ್ಯವನ್ನು ಕಾಣುತ್ತಿದ್ದೆ. ವಿದ್ಯಾರ್ಥಿಗೆ ಒಂದು ಅಪಧಮನಿಯನ್ನು ಬಿಡಿಸಿ ತೋರಿಸು ಎಂದರೆ, ಅವನು ಚಿಮಟದಿಂದ ಅದರ ಸುತ್ತಲಿನ ಬಿಳಿಯ ನಾರುನಾರಾದ ಭಾಗವನ್ನೆಲ್ಲ ಕಸವೆಂದು ತಿಳಿದು ಕಿತ್ತು ಕಿತ್ತು ಬದಿಗಿಡುತ್ತಿದ್ದ. ನಾಳ ಚೊಕ್ಕಟವಾಗಿ ಕಂಡಾಗ ಹೆಮ್ಮೆಯಿಂದ ಕರೆಯುತ್ತಿದ್ದ. ಅವನು ಕಿತ್ತು ಹಾಕಿದ್ದರಲ್ಲಿ ಅಡ್ವೆಂಟಿಷಿಯಾದ ಬಹುಭಾಗ ಹೋಗಿರುತ್ತಿತ್ತು. ಅದು ಅವನ ತಪ್ಪೆಂದು ಹೇಳಲು ಬರುವುದಿಲ್ಲ, ಏಕೆಂದರೆ ಅಡ್ವೆಂಟಿಷಿಯಾ ಇಲ್ಲಿಗೆ ಮುಗಿಯಿತು, ಪಕ್ಕದ ಅಂಗಾಂಶ ಇಲ್ಲಿಂದ ಶುರುವಾಯಿತು ಎಂದು ತೋರಿಸುವ ಗೆರೆಯೇ ಅಲ್ಲಿಲ್ಲ. ಒಳಭಾಗದಲ್ಲಿ ಅದರ ಕೊಲಾಜನ್ ಎಳೆಗಳು ಒತ್ತಾಗಿರುತ್ತವೆ. ಹೊರಹೊರಗೆ ಹೋದಂತೆ ಸಡಿಲವಾಗಿ, ಕೊಬ್ಬಿನೊಂದಿಗೆ ಬೆರೆತು, ನೆರೆಯ ಅಂಗದ ಎಳೆಗಳೊಳಗೆ ಕರಗಿಬಿಡುತ್ತವೆ. ಕತ್ತಿಯೊಂದನ್ನೇ ನಂಬಿ ಕೆಲಸ ಮಾಡುತ್ತಿದ್ದ ಹಳೆಯ ಅಂಗರಚನಾಕಾರರ ಕಣ್ಣಿಗೆ ಅದು ನಾಳದ ಸ್ವಂತ ಗೋಡೆಯಾಗಿ ಕಾಣದೆ, ಸುತ್ತಲಿನಿಂದ ಬಂದು ಮೆತ್ತಿಕೊಂಡ ಹೊದಿಕೆಯಾಗಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಳೇ ಹುಬ್ಬಳ್ಳಿಯ ಓಣಿಗಳ ಮನೆಗಳನ್ನು ನೆನಪಿಸಿಕೊಳ್ಳಿ. ಸಾಲಾಗಿ ಕಟ್ಟಿದ ಮನೆಗಳ ಮುಂಗೋಡೆಗೆ ಗಿಲಾವು ಮಾಡಿ, ಸುಣ್ಣ ಬಳಿದು ನುಣುಪುಗೊಳಿಸಿರುತ್ತಾರೆ. ಅಲ್ಲಿ ಮನೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕೈಯಿಟ್ಟು ಹೇಳಬಹುದು. ಎರಡು ಮನೆಗಳ ನಡುವಿನ ಸಾಮಾಯಿಕ ಗೋಡೆಯ ವಿಷಯ ಹಾಗಲ್ಲ. ಅದರ ಯಾವ ಕಲ್ಲು ಯಾರದು ಎಂಬುದನ್ನು ಇಬ್ಬರು ಯಜಮಾನರೂ ಖಚಿತವಾಗಿ ಹೇಳಲಾರರು. ಒಂದೇ ಮನೆಗೆ ಮುಂದೆ ಗಿಲಾವು ಮಾಡಿದ ಗೋಡೆಯೂ ಪಕ್ಕದಲ್ಲಿ ಸಾಮಾಯಿಕ ಗೋಡೆಯೂ ಇರುವಂತೆ, ಒಂದೇ ಅಂಗಕ್ಕೆ ಒಂದು ಬದಿಯಲ್ಲಿ ಸೆರೋಸಾ, ಮತ್ತೊಂದು ಬದಿಯಲ್ಲಿ ಅಡ್ವೆಂಟಿಷಿಯಾ ಇರಬಹುದು. ನಿಮ್ಮ ಸೋದರಮಾವನವರ ವರದಿಯ ವಿಷಯಕ್ಕೆ ಬರುವಾಗ ಈ ಮಾತು ಬೇಕಾಗುತ್ತದೆ.

ಇನ್ನು ಸೆರೋಸಾ. ಲ್ಯಾಟಿನ್ನಿನಲ್ಲಿ ‘ಸೀರಮ್’ ಎಂದರೆ ಹಾಲು ಒಡೆದಾಗ ಗಟ್ಟಿಯಿಂದ ಬೇರ್ಪಡುವ ತಿಳಿನೀರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೂ ಅದೇ ಹೆಸರು ಬಂದದ್ದು ಈ ಹೋಲಿಕೆಯಿಂದ. ಹೊಟ್ಟೆ, ಎದೆ ಮತ್ತು ಹೃದಯದ ಸುತ್ತಲಿನ ಪೊಳ್ಳುಗಳಲ್ಲಿ ಅಂಥದೇ ತೆಳುವಾದ ದ್ರವ ಒಸರುತ್ತಿರುತ್ತದೆ. ಅದನ್ನು ಒಸರಿಸುವ ಪೊರೆಯೇ ಸೆರೋಸಾ. ಅದರ ಮೇಲ್ಗಡೆ ಚಪ್ಪಟೆಯಾದ ಜೀವಕೋಶಗಳ ಒಂದೇ ಸಾಲು ಇರುತ್ತದೆ, ಅದಕ್ಕೆ ಮೀಸೋಥೀಲಿಯಂ ಎಂದು ಹೆಸರು; ಕೆಳಗೆ ಅದನ್ನು ಹೊತ್ತಿರುವ ತೆಳುವಾದ ಸಂಯೋಜಕ ಅಂಗಾಂಶ. ದ್ರವದ ಪ್ರಮಾಣ ನೀವು ಊಹಿಸುವುದಕ್ಕಿಂತ ಬಹಳ ಕಡಿಮೆ. ಹೃದಯದ ಸುತ್ತಲಿನ ಚೀಲದಲ್ಲಿ ಸಾಮಾನ್ಯವಾಗಿ 15ರಿಂದ 50 ಮಿಲಿಲೀಟರ್ ಮಾತ್ರ ಇರುತ್ತದೆ. ಅಷ್ಟರಿಂದಲೇ ಹೃದಯ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮಿಡಿದರೂ ಉಜ್ಜಿಕೊಳ್ಳುವುದಿಲ್ಲ. ಕುರಿಯ ಕರುಳನ್ನು ಆಗತಾನೇ ತೆಗೆದಾಗ ಕಂಡವರಿಗೆ ಅದರ ಹೊಳಪು ನೆನಪಿರುತ್ತದೆ. ಕೈಯಲ್ಲಿ ಹಿಡಿದರೆ ನಿಲ್ಲದೆ ಜಾರುತ್ತದೆ. ಅದೇ ಕುರಿಯ ಅನ್ನನಾಳವನ್ನು ಕತ್ತಿನಿಂದ ತೆಗೆಯಬೇಕಾದರೆ ಸುತ್ತಲಿನ ಎಳೆಗಳನ್ನು ಕೊಯ್ದು ಬಿಡಿಸಬೇಕು. ಮೊದಲನೆಯದು ಸೆರೋಸಾ, ಎರಡನೆಯದು ಅಡ್ವೆಂಟಿಷಿಯಾ.

ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯುತ್ತೇನೆ. ನಮ್ಮ ಭಾಗದಲ್ಲಿ ಆಯುರ್ವೇದ ಓದಿದ ಸ್ನೇಹಿತರು ಈ ಪೊರೆಗಳಿಗೆಲ್ಲ ಸುಶ್ರುತ ಹೇಳಿದ ‘ಕಲಾ’ ಎಂಬ ಪದವನ್ನು ಬಳಸಬಹುದಲ್ಲ ಎನ್ನುವುದುಂಟು. ಸುಶ್ರುತ ಗರ್ಭದ ಮೇಲೆ ಏಳು ತ್ವಚೆಗಳು ಮೂಡುವುದನ್ನು ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವುದಕ್ಕೆ ಹೋಲಿಸಿದ್ದಾನೆ. ಪದರಗಳ ಬಗ್ಗೆ ಅದಕ್ಕಿಂತ ಚೆಂದದ ಉಪಮೆಯನ್ನು ನಾನು ಓದಿಲ್ಲ. ಆದರೆ ಅವನ ಏಳು ‘ಕಲಾ’ಗಳು ಧಾತುವಿಗೂ (ರಕ್ತ, ಮಾಂಸದಂಥ ದೇಹದ್ರವ್ಯಕ್ಕೂ) ಆಶಯಕ್ಕೂ (ಅದು ನೆಲೆಸುವ ಎಡೆಗೂ) ನಡುವಿನ ಎಲ್ಲೆಗಳು. ಅವು ಬೇರೆಯೇ ಒಂದು ಶರೀರಕಲ್ಪನೆಗೆ ಸೇರಿದವು. ಒಂದನ್ನು ಇನ್ನೊಂದಕ್ಕೆ ಹಚ್ಚಿದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಭೇದ ಬರಿಯ ಹೆಸರಿನದಲ್ಲ ಎಂಬುದನ್ನು ಅನ್ನನಾಳ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳ ಕತ್ತಿನಲ್ಲಿ ಮತ್ತು ಎದೆಯಲ್ಲಿ ಶ್ವಾಸನಾಳ, ಮಹಾಪಧಮನಿ, ಬೆನ್ನುಮೂಳೆಗಳ ನಡುವೆ, ಹುಲ್ಲಿನಲ್ಲಿ ಹುದುಗಿಸಿಟ್ಟ ಮಾವಿನಹಣ್ಣಿನಂತೆ, ಸಡಿಲ ಅಂಗಾಂಶದಲ್ಲಿ ಹುದುಗಿಕೊಂಡಿದೆ. ವಪೆಯನ್ನು ದಾಟಿ ಹೊಟ್ಟೆಗೆ ಇಳಿದ ಮೇಲಿನ ಒಂದೆರಡು ಸೆಂಟಿಮೀಟರಿಗೆ ಮಾತ್ರ ಸೆರೋಸಾದ ಹೊದಿಕೆ ದೊರೆಯುತ್ತದೆ. ಉಳಿದ ಉದ್ದಕ್ಕೂ ಇರುವುದು ಅಡ್ವೆಂಟಿಷಿಯಾ. ಇದರಿಂದ ಎರಡು ತೊಂದರೆಗಳು ಹುಟ್ಟುತ್ತವೆ. ಮೊದಲನೆಯದು, ಅನ್ನನಾಳದ ಕ್ಯಾನ್ಸರ್ ಸ್ನಾಯುಪದರವನ್ನು ದಾಟಿದ ಮೇಲೆ ಅದನ್ನು ತಡೆಯುವ ಅಡ್ಡಗೋಡೆ ಇರುವುದಿಲ್ಲ. ಅಡ್ವೆಂಟಿಷಿಯಾದ ಸಡಿಲ ಎಳೆಗಳ ನಡುವೆ ಅದು ನೆರೆಯ ಶ್ವಾಸನಾಳದ ಕಡೆಗೋ ಮಹಾಪಧಮನಿಯ ಕಡೆಗೋ ಸುಲಭವಾಗಿ ಹರಡುತ್ತದೆ. ರೋಗದ ಹಂತವನ್ನು ಗುರುತಿಸುವ ಪದ್ಧತಿಯಲ್ಲಿ ‘ಟಿ’ ಎಂಬುದು ಗಡ್ಡೆ ಎಷ್ಟು ಆಳಕ್ಕೆ ಹೊಕ್ಕಿದೆ ಎಂಬುದರ ಗುರುತು, ಅಂಕಿ ಏರಿದಷ್ಟೂ ರೋಗ ಮುಂದುವರಿದಿದೆ ಎಂದರ್ಥ. ಅನ್ನನಾಳದ ಗಡ್ಡೆ ಅಡ್ವೆಂಟಿಷಿಯಾವನ್ನು ಮುಟ್ಟಿದರೆ ಅದನ್ನು ಟಿ3 ಎಂದು, ನೆರೆಯ ಅಂಗಗಳನ್ನು ಹೊಕ್ಕರೆ ಟಿ4 ಎಂದು ಬರೆಯುತ್ತಾರೆ. ಜಠರಕ್ಕಾದರೋ ಸೆರೋಸಾವನ್ನು ಭೇದಿಸಿದಾಗ ಟಿ4ಎ. ಪದರದ ಹೆಸರನ್ನು ಅದಲು ಬದಲು ಮಾಡಿದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ.

ಎರಡನೆಯದು ಹೊಲಿಗೆಯ ತೊಂದರೆ. 1826ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಟ್ವಾನ್ ಲಾಂಬೇರ್ ಕರುಳಿನ ಎರಡು ತುದಿಗಳನ್ನು ಹೊಲಿಯುವಾಗ ಅಂಚುಗಳನ್ನು ಒಳಕ್ಕೆ ಮಡಚಿ, ಸೆರೋಸಾಕ್ಕೆ ಸೆರೋಸಾ ತಾಗುವಂತೆ ಹೊಲಿಯುವ ಕ್ರಮವನ್ನು ವಿವರಿಸಿದ. ಎದುರುಬದುರಾದ ಎರಡು ಸೆರೋಸಾಗಳು ತಾಗಿದ ಕೆಲವೇ ಗಂಟೆಗಳಲ್ಲಿ ಫೈಬ್ರಿನ್ ಅಂಟಿನಿಂದ ಕೂಡಿಕೊಂಡು ಸೋರದಂತೆ ಬಾಯಿ ಮುಚ್ಚುತ್ತವೆ. ಕರುಳಿನ ಶಸ್ತ್ರಚಿಕಿತ್ಸೆ ನಂಬಿಕೆಗೆ ಅರ್ಹವಾದದ್ದು ಬಹುಮಟ್ಟಿಗೆ ಈ ಗುಣವನ್ನು ಗುರುತಿಸಿದ್ದರಿಂದ. ಇದೇ ಗುಣ ಬೇಡದ ಕಡೆ ಕೆಲಸ ಮಾಡಿದರೆ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುತ್ತವೆ ಎಂಬುದೂ ನಿಜ. ಅನ್ನನಾಳಕ್ಕೆ ಸೆರೋಸಾ ಇಲ್ಲವಾದುದರಿಂದ ಅಲ್ಲಿನ ಹೊಲಿಗೆಗೆ ಈ ನೆರವು ಸಿಗುವುದಿಲ್ಲ. ಸ್ನಾಯುವಿನ ಎಳೆಗಳು ಉದ್ದುದ್ದಕ್ಕೆ ಇರುವುದರಿಂದ ದಾರ ಕೊಯ್ದುಕೊಂಡು ಹೋಗುವ ಭಯವೂ ಇದೆ. ಅನ್ನನಾಳದ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ವಾರ್ಡಿನಲ್ಲಿ ನೋಡಿಕೊಳ್ಳುವಾಗ ಜ್ವರ, ಎದೆನೋವು, ಏರಿದ ನಾಡಿಬಡಿತಗಳನ್ನು ಏಕೆ ಅಷ್ಟು ಕಟ್ಟುನಿಟ್ಟಾಗಿ ಗಮನಿಸಲು ಹೇಳುತ್ತಾರೆ ಎಂಬುದಕ್ಕೆ ಇದು ಒಂದು ಕಾರಣ.

ಈಗ ಪಿತ್ತಕೋಶ. ಅದು ಯಕೃತ್ತಿನ ಕೆಳಮೈಯ ತಗ್ಗಿನಲ್ಲಿ ಅಂಟಿಕೊಂಡಿರುತ್ತದೆ. ಹೊಟ್ಟೆಯ ಪೊಳ್ಳಿನ ಕಡೆಗೆ ತೆರೆದಿರುವ ಅದರ ಮೈಗೆ ಸೆರೋಸಾ ಇದೆ. ಯಕೃತ್ತಿಗೆ ಅಂಟಿದ ಮೈಗೆ ಸೆರೋಸಾ ಇಲ್ಲ, ಅಲ್ಲಿರುವುದು ಅಡ್ವೆಂಟಿಷಿಯಾ. ಮುಂಗೋಡೆ ಮತ್ತು ಸಾಮಾಯಿಕ ಗೋಡೆ ಎಂದು ಹೇಳಿದ್ದು ಇದನ್ನೇ. ಪಿತ್ತಕೋಶವನ್ನು ತೆಗೆಯುವ ಶಸ್ತ್ರವೈದ್ಯರು ಅದನ್ನು ಯಕೃತ್ತಿನಿಂದ ಸುಲಿದು ಬೇರ್ಪಡಿಸುವುದು ಈ ಅಡ್ವೆಂಟಿಷಿಯಾದ ಎಳೆಗಳ ನಡುವೆಯೇ. ತೆಗೆದ ಅಂಗವನ್ನು ಪರೀಕ್ಷಿಸುವ ರೋಗಶಾಸ್ತ್ರಜ್ಞರು ಎರಡು ಬದಿಗಳನ್ನೂ ಹೆಸರಿಸಿ ವರ್ಣಿಸುವುದು ವಾಡಿಕೆ. ಆದ್ದರಿಂದ ಆ ಪದಗಳು ವರದಿಯಲ್ಲಿ ಬಂದದ್ದೇ ಕೆಡುಕಿನ ಸೂಚನೆಯೆಂದು ಮನೆಯವರು ಹೆದರಬೇಕಾದ್ದಿಲ್ಲ. ವರದಿಯ ಕೊನೆಯಲ್ಲಿ ನಿರ್ಣಯವೆಂದು ಬರೆದ ಸಾಲು ಮುಖ್ಯ, ಅದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಓದಿಸಿಕೊಳ್ಳಿ. ಎರಡೂ ಬದಿಗಳನ್ನು ಬೇರೆಯಾಗಿ ಹೆಸರಿಸುವುದಕ್ಕೆ ಗಟ್ಟಿಯಾದ ಕಾರಣವಿದೆ. 2018ರಿಂದ ಜಾರಿಗೆ ಬಂದ ಹಂತ ನಿರ್ಣಯ ಪದ್ಧತಿಯಲ್ಲಿ, ಪಿತ್ತಕೋಶದ ಕ್ಯಾನ್ಸರ್ ಸ್ನಾಯುವನ್ನು ದಾಟಿ ಸೆರೋಸಾದ ಬದಿಯ ಸಂಯೋಜಕ ಅಂಗಾಂಶಕ್ಕೆ ಬಂದಿದ್ದರೆ ಟಿ2ಎ, ಯಕೃತ್ತಿನ ಬದಿಯ ಅಂಗಾಂಶಕ್ಕೆ ಬಂದಿದ್ದರೆ ಟಿ2ಬಿ ಎಂದು ಬೇರ್ಪಡಿಸುತ್ತಾರೆ. ಆಳ ಒಂದೇ ಆದರೂ ಎರಡನೆಯದರ ಮುನ್ನೋಟ ಹೆಚ್ಚು ಕಠಿಣ.

ಒಂದು ಬದಿಗೆ ಅದು, ಒಂದು ಬದಿಗೆ ಇದು ಎಂಬ ಸ್ಥಿತಿ ಪಿತ್ತಕೋಶಕ್ಕೆ ಮಾತ್ರ ಮೀಸಲಲ್ಲ. ದೊಡ್ಡ ಕರುಳಿನ ಏರುವ ಮತ್ತು ಇಳಿಯುವ ಭಾಗಗಳಿಗೆ ಮುಂದೆ ಸೆರೋಸಾ, ಬೆನ್ನಿನ ಕಡೆ ಅಡ್ವೆಂಟಿಷಿಯಾ. ಮೂತ್ರಕೋಶದ ಮೇಲ್ಗಡೆಯ ಮೈಗೆ ಸೆರೋಸಾ, ಉಳಿದೆಡೆ ಅಡ್ವೆಂಟಿಷಿಯಾ. ಗುದನಾಳವಂತೂ ಕೆಳಗಿಳಿದಂತೆ ಸೆರೋಸಾವನ್ನು ಸ್ವಲ್ಪ ಸ್ವಲ್ಪವೇ ಕಳಚಿಕೊಂಡು, ಕೊನೆಯ ಮೂರನೆಯ ಒಂದು ಭಾಗದಲ್ಲಿ ಪೂರ್ತಿಯಾಗಿ ಬಿಟ್ಟುಬಿಡುತ್ತದೆ.

ಅಪಧಮನಿಯ ವಿಷಯದಲ್ಲಿ ನಿಮ್ಮ ಎರಡು ಪುಸ್ತಕಗಳೂ ಸರಿ. ಅಲ್ಲಿ ಎಕ್ಸ್‌ಟರ್ನಾ, ಅಡ್ವೆಂಟಿಷಿಯಾ ಎರಡೂ ಒಂದೇ ಪದರದ ಹೆಸರುಗಳು. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂಗರಚನಾ ಪದಾವಳಿ ರಕ್ತನಾಳಗಳಿಗೆ ಎಕ್ಸ್‌ಟರ್ನಾ ಎಂಬುದನ್ನು ಆಯ್ದುಕೊಂಡು, ಅನ್ನನಾಳದಂಥ ಅಂಗಗಳಿಗೆ ಅಡ್ವೆಂಟಿಷಿಯಾ ಎಂಬುದನ್ನು ಉಳಿಸಿಕೊಂಡಿತು. ಆದರೆ ಶಸ್ತ್ರವೈದ್ಯರೂ ರೋಗಶಾಸ್ತ್ರಜ್ಞರೂ ರಕ್ತನಾಳಕ್ಕೂ ಅಡ್ವೆಂಟಿಷಿಯಾ ಎನ್ನುವುದನ್ನು ಬಿಟ್ಟಿಲ್ಲ. ಬಿಡುವ ಲಕ್ಷಣವೂ ಕಾಣುವುದಿಲ್ಲ. ದೊಡ್ಡ ಅಪಧಮನಿಗಳಲ್ಲಿ ನಡುವಿನ ಪದರ ದಪ್ಪ, ಹೊರಪದರ ತೆಳು. ದೊಡ್ಡ ಅಭಿಧಮನಿಗಳಲ್ಲಿ ಹೊರಪದರವೇ ಎಲ್ಲಕ್ಕಿಂತ ದಪ್ಪ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ.

ರಕ್ತನಾಳದ ಅಡ್ವೆಂಟಿಷಿಯಾವನ್ನು ಬರಿಯ ಹೊದಿಕೆ ಎಂದು ಕಡೆಗಣಿಸುವುದು ತಪ್ಪು. ಮಹಾಪಧಮನಿಯ ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಹರಿಯುವ ರಕ್ತದಿಂದ ಅದರ ಹೊರಭಾಗಕ್ಕೆ ಪೋಷಣೆ ತಲಪುವುದಿಲ್ಲ. ನೀರು ತುಂಬಿ ಹರಿಯುವ ಕಾಲುವೆಯ ಏರಿಯ ಮೇಲಿನ ಗಿಡಕ್ಕೆ ಬೇರೆ ಕೊಡದಿಂದ ನೀರು ಹಾಕಬೇಕಾಗಿ ಬಂದಂತೆ, ರಕ್ತನಾಳದ ಗೋಡೆಗೇ ರಕ್ತ ಒದಗಿಸುವ ಪುಟ್ಟ ನಾಳಗಳು ಬೇಕಾಗುತ್ತವೆ. ಅವಕ್ಕೆ ವಾಸಾ ವಾಸೋರಮ್, ಅಂದರೆ ನಾಳಗಳ ನಾಳಗಳು, ಎಂದು ಹೆಸರು. ಅವು ಅಡ್ವೆಂಟಿಷಿಯಾದಲ್ಲಿ ಕವಲೊಡೆಯುತ್ತವೆ. ನಾಳವನ್ನು ಸಂಕುಚಿಸುವ ನರಗಳೂ ಅಲ್ಲಿಯೇ ಇವೆ. ಮಹಾಪಧಮನಿಯ ಒಳಪದರ ಹರಿದು ರಕ್ತ ಗೋಡೆಯೊಳಗೇ ಸೀಳಿಕೊಂಡು ನುಗ್ಗುವ ಗಂಭೀರ ಸ್ಥಿತಿಯಲ್ಲಿ, ರೋಗಿ ಆಸ್ಪತ್ರೆ ತಲಪುವವರೆಗೆ ಬದುಕಿದ್ದರೆ ಅದಕ್ಕೆ ಅನೇಕ ವೇಳೆ ಕಾರಣ ಹೊರಗೆ ಬಿಗಿಯಾಗಿ ಹಿಡಿದಿರುವ ಅಡ್ವೆಂಟಿಷಿಯಾದ ಕೊಲಾಜನ್. ಹೊರಗಿನವನೆಂದು ಹೆಸರಿಟ್ಟವನೇ ಕೊನೆಗೆ ಮನೆ ಬೀಳದಂತೆ ತಡೆದು ನಿಲ್ಲುತ್ತಾನೆ.

ಆದರೆ ಅವನನ್ನು ಒಳಗೆ ಬಿಡುವ ಹಾಗೂ ಇಲ್ಲ. ತುಂಡಾದ ಬೆರಳನ್ನು ಮರಳಿ ಜೋಡಿಸುವಂಥ ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ, ಒಂದೆರಡು ಮಿಲಿಮೀಟರ್ ಅಗಲದ ನಾಳಗಳ ತುದಿಗಳನ್ನು ಹೊಲಿಯುವ ಮೊದಲು ಅಂಚಿನ ಅಡ್ವೆಂಟಿಷಿಯಾವನ್ನು ಕತ್ತರಿಸಿ ಹಿಂದೆ ಸರಿಸುತ್ತಾರೆ. ಅದರ ಒಂದು ಎಳೆ ಸೂಜಿಯೊಡನೆ ನಾಳದೊಳಕ್ಕೆ ಹೋದರೂ, ಕೊಲಾಜನ್ ತಾಗಿದ ರಕ್ತ ಅಲ್ಲಿಯೇ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವ ಅಪಾಯವಿದೆ.

ನೋಟ್ಸಿನಲ್ಲಿ ಏನು ಬರೆಯಬೇಕು ಎಂದು ಕೇಳಿದರೆ, ಪದಗಳನ್ನು ಸೆರೋಸಾ, ಅಡ್ವೆಂಟಿಷಿಯಾ ಎಂದು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದುಕೊಳ್ಳಿ ಎನ್ನುತ್ತೇನೆ. ವಾರ್ಡಿನಲ್ಲಿ, ವರದಿಯಲ್ಲಿ ನಿಮಗೆ ಎದುರಾಗುವುದು ಅವೇ. ಅರ್ಥ ನೆನಪಿನಲ್ಲಿ ನಿಲ್ಲಲು ಮೊದಲನೆಯದರ ಪಕ್ಕದಲ್ಲಿ ‘ಜಾರುಪೊರೆ’ ಎಂದೂ ಎರಡನೆಯದರ ಪಕ್ಕದಲ್ಲಿ ‘ಆಗಂತುಕ ಹೊದಿಕೆ’ ಎಂದೂ ಬರೆದುಕೊಳ್ಳಬಹುದು. ಇವು ನಾನು ತರಗತಿಯಲ್ಲಿ ಬಳಸುತ್ತಿದ್ದ ಮಾತುಗಳೇ ಹೊರತು ಒಪ್ಪಿತ ಪಾರಿಭಾಷಿಕ ಪದಗಳಲ್ಲ. ಎರಡನೆಯದನ್ನು ಪೊರೆ ಎನ್ನದೆ ಹೊದಿಕೆ ಎಂದದ್ದು ಉದ್ದೇಶಪೂರ್ವಕ. ಪೊರೆ ಎಂದರೆ ನಮ್ಮ ಮನಸ್ಸಿಗೆ ಬರುವುದು ಹಾವಿನ ಪೊರೆಯಂತೆ ಅಂಚುಳ್ಳ, ಬಿಡಿಸಿ ಎತ್ತಬಹುದಾದ ತೆಳುಹಾಳೆ. ಸೆರೋಸಾಕ್ಕೆ ಆ ಮಾತು ಒಪ್ಪುತ್ತದೆ, ಅಡ್ವೆಂಟಿಷಿಯಾಕ್ಕೆ ಒಪ್ಪುವುದಿಲ್ಲ.

ಪ್ರಾಯೋಗಿಕ ತರಗತಿಯಲ್ಲಿ ಸ್ಲೈಡ್ ಇಟ್ಟು ಗುರುತಿಸಲು ಹೇಳಿದಾಗ ಸ್ನಾಯುಪದರದಿಂದ ಹೊರಕ್ಕೆ ಕಣ್ಣು ಹಾಯಿಸುತ್ತಾ ಹೋಗಿ. ಅಂಚು ನೇರವಾಗಿ ಮುಗಿದು, ಅದರ ಮೇಲೆ ಚಪ್ಪಟೆಯಾದ ಕೋಶಕೇಂದ್ರಗಳ ಒಂದು ಸಾಲು ಕಂಡರೆ ಅದು ಸೆರೋಸಾ. ಎಳೆಗಳು ಸಡಿಲವಾಗುತ್ತಾ, ಕೊಬ್ಬಿನ ಕೋಶಗಳೂ ಸಣ್ಣ ರಕ್ತನಾಳಗಳೂ ಬೆರೆತು, ಹರಿದ ಬಟ್ಟೆಯ ಅಂಚಿನಂತೆ ಮುಗಿದರೆ ಅಡ್ವೆಂಟಿಷಿಯಾ. ಒಂದು ಎಚ್ಚರಿಕೆ ಇರಲಿ. ಅಂಗವನ್ನು ಕೈಯಲ್ಲಿ ಹಿಡಿಯುವಾಗ, ಒರೆಸುವಾಗ ಮೀಸೋಥೀಲಿಯಂನ ಆ ಒಂದು ಸಾಲು ಸುಲಭವಾಗಿ ಉದುರಿಹೋಗುತ್ತದೆ. ಆದುದರಿಂದ ಸಾಲು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಅಡ್ವೆಂಟಿಷಿಯಾ ಎಂದು ಬರೆದುಬಿಡಬೇಡಿ. ಅಂಗ ಯಾವುದು, ಅದು ದೇಹದಲ್ಲಿ ಯಾವುದಕ್ಕೆ ಅಂಟಿಕೊಂಡಿತ್ತು ಎಂಬುದನ್ನು ಮೊದಲು ನೆನಪಿಸಿಕೊಂಡು ಆಮೇಲೆ ಬರೆಯಿರಿ.